ಕತ್ತಲೆಯಲ್ಲಿ ದುಡಿಯುವ ಕೋಶಗಳು

ದೀಪವಾರಿಸಿ ಮಲಗಿದವನು ತನ್ನ ಕಣ್ಣಿಗೆ ವಿಶ್ರಾಂತಿ ದೊರೆಯಿತೆಂದು ಭಾವಿಸುವುದು ಸಹಜವಾದರೂ, ಅಕ್ಷಿಪಟಲದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳ ಪಾಲಿಗೆ ಅದೇ ಅತಿಶ್ರಮದ ಹೊತ್ತು. ನಮ್ಮ ಒಂದೊಂದು ಕಣ್ಣಿನಲ್ಲಿಯೂ ಮಂದಪ್ರಕಾಶಕ್ಕೆ ಸ್ಪಂದಿಸುವ ದಂಡಕೋಶಗಳು ಸುಮಾರು 12 ಕೋಟಿ, ವರ್ಣಗಳನ್ನು ವಿವೇಚಿಸುವ ಶಂಕುಕೋಶಗಳು ಸುಮಾರು 60 ಲಕ್ಷ ಇರುತ್ತವೆ. ಕತ್ತಲೆಯಲ್ಲಿ ಇವುಗಳ ಪೊರೆಯ ದ್ವಾರಗಳು ತೆರೆದಿದ್ದು ಸೋಡಿಯಂ ಅಯಾನುಗಳು ಎಡೆಬಿಡದೆ ಒಳನುಗ್ಗುವುದರಿಂದ, ಅವನ್ನು ಅಷ್ಟೇ ತ್ವರೆಯಿಂದ ಹೊರದೂಡುವುದಕ್ಕೆ ಅಪಾರ ಶಕ್ತಿ ವ್ಯಯವಾಗುತ್ತದೆ. ಬೆಳಕು ಬಿದ್ದಾಗ ದ್ವಾರಗಳು ಮುಚ್ಚಿಕೊಂಡು ಆ ವ್ಯಯವು ತಗ್ಗುತ್ತದೆ.

ಈ ಶಕ್ತಿಯನ್ನು ಒದಗಿಸುವುದರಲ್ಲಿ ಪ್ರಧಾನವಾದ ಮೈಟೋಕಾಂಡ್ರಿಯಗಳು ಕೋಶದ ಒಂದೆಡೆ ಒತ್ತೊತ್ತಾಗಿ ನೆರೆದಿರುತ್ತವೆ. ಆದರೆ ಆಮ್ಲಜನಕವನ್ನು ಬಳಸುವಲ್ಲಿಯೇ ಹುಟ್ಟುವ ಉಗ್ರ ಉಪೋತ್ಪನ್ನಗಳು ಅವುಗಳ ಪೊರೆಯನ್ನೂ, ಅವು ತಮ್ಮೊಳಗೆ ಹೊತ್ತಿರುವ ಸ್ವಂತ ಡಿಎನ್‌ಎಯನ್ನೂ ಕ್ರಮೇಣ ಕೆಡಿಸುತ್ತವೆ. ದಂಡ, ಶಂಕುಕೋಶಗಳಾದರೋ ವಿಭಜನೆ ಹೊಂದಿ ಹೊಸದಾಗತಕ್ಕವಲ್ಲ. ಹುಟ್ಟಿನೊಡನೆ ಬಂದವೇ ಕಡೆಯವರೆಗೆ ನಡೆಯಬೇಕು.

ಆದಕಾರಣ ಕೋಶವು ತನ್ನ ಮೈಟೋಕಾಂಡ್ರಿಯಗಳನ್ನು ನಿರಂತರವಾಗಿ ಪರಿಶೋಧಿಸುತ್ತಿರುತ್ತದೆ. ಅಲ್ಪಸ್ವಲ್ಪ ಸವೆದವು ಆರೋಗ್ಯವಂತವಾದವುಗಳೊಡನೆ ಬೆರೆತು ಚೇತರಿಸಿಕೊಳ್ಳುತ್ತವೆ. ತೀರ ಕೆಟ್ಟ ಭಾಗವು ಸೀಳಿ ಬೇರ್ಪಡುತ್ತದೆ. ಹಾಗೆ ಶಕ್ತಿಗುಂದಿದವುಗಳ ಮೇಲೆ ಪಿಂಕ್-1 ಎಂಬ ಪ್ರೋಟೀನು ಶೇಖರವಾಗಿ, ಪಾರ್ಕಿನ್ ಎಂಬ ಮತ್ತೊಂದನ್ನು ಬರಮಾಡಿಕೊಂಡು ಗುರುತು ಹಾಕಿಸಲು, ಪೊರೆಯೊಂದು ಅವನ್ನು ಸುತ್ತುವರಿದು ಜೀರ್ಣಿಸುವ ಸಂಪುಟಕ್ಕೆ ಒಯ್ಯುತ್ತದೆ. ಕೋಶವು ತನ್ನ ಅಂಶಗಳನ್ನು ತಾನೇ ಅರಗಿಸಿಕೊಳ್ಳುವ ಈ ಸ್ವಭಕ್ಷಣಕ್ರಿಯೆಯ ರಹಸ್ಯವನ್ನು ಬಿಡಿಸಿದ ಜಪಾನಿನ ಯೊಶಿನೊರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟೇ ಅಲ್ಲದೆ, ಜೀಬ್ರಾಮೀನಿನ ಶಂಕುಕೋಶಗಳು ಕೆಟ್ಟ ಮೈಟೋಕಾಂಡ್ರಿಯಗಳನ್ನು ನೆರೆಯ ಮುಲ್ಲರ್ ಎಂಬ ಪೋಷಕ ಕೋಶಗಳಿಗೆ ವಹಿಸಿಕೊಡುವುದೂ 2023ರಲ್ಲಿ ಪ್ರಕಟವಾಯಿತು.

ಇಷ್ಟು ಎಚ್ಚರಿಕೆಯಿಂದ ನಡೆದುಬರುವ ವ್ಯವಸ್ಥೆಯನ್ನು ಸದ್ದಿಲ್ಲದೆ ಕದಡುವ ಶತ್ರುಗಳಲ್ಲಿ ಮಧುಮೇಹವು ಮುಖ್ಯವಾದುದು. ರಕ್ತದಲ್ಲಿ ಸಕ್ಕರೆಯೇರಿದ ಇಲಿಗಳ ಅಕ್ಷಿಪಟಲದಲ್ಲಿ ಮೇಲೆ ಹೇಳಿದ ಉಗ್ರ ಉಪೋತ್ಪನ್ನಗಳ ಬಹುಪಾಲು ಈ ಬೆಳಕುಗ್ರಾಹಿ ಕೋಶಗಳಿಂದಲೇ ಹೊಮ್ಮುವುದನ್ನು ಪ್ರಯೋಗಗಳು ತೋರಿಸಿವೆ. ಮಧುಮೇಹದಿಂದ ಅಕ್ಷಿಪಟಲದ ಕಿರು ರಕ್ತನಾಳಗಳು ಸೋರತೊಡಗಿದರೂ ರೋಗಿಗೆ ನೋವಿಲ್ಲ. ಬಹುಕಾಲ ದೃಷ್ಟಿಯೂ ಕುಂದದು.

ಮಧುಮೇಹದ ಹಾವಳಿ ಹೆಚ್ಚಾಗಿರುವ ಕೇರಳದಲ್ಲಿ, ಸರ್ಕಾರವು ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ತಜ್ಞರ ಸಹಕಾರದೊಡನೆ ತಿರುವನಂತಪುರ ಜಿಲ್ಲೆಯಲ್ಲಿ ಆರಂಭಿಸಿದ ‘ನಯನಾಮೃತಂ’ ಯೋಜನೆಯು ಈ ಕಾರಣದಿಂದಲೇ ಗಮನಾರ್ಹವಾಗಿದೆ. ಕುಟುಂಬ ಆರೋಗ್ಯ ಕೇಂದ್ರಕ್ಕೆ ಸಕ್ಕರೆಯ ಔಷಧಕ್ಕೆಂದು ಬಂದವರ ಅಕ್ಷಿಪಟಲವನ್ನು ಅಲ್ಲಿಯ ದಾದಿಯರೇ ಕ್ಯಾಮೆರಾದಿಂದ ಚಿತ್ರಿಸುತ್ತಾರೆ. ಪರಿಣತರು ಚಿತ್ರವನ್ನು ನೋಡಿ, ಅಗತ್ಯವಿದ್ದವರನ್ನಷ್ಟೇ ದೊಡ್ಡಾಸ್ಪತ್ರೆಗೆ ಕಳುಹಿಸುತ್ತಾರೆ. ಕೊಚ್ಚಿಯ ಗಿರಿಧರ್ ನೇತ್ರಸಂಸ್ಥೆ, ಅಮೃತಾ ಆಸ್ಪತ್ರೆಗಳಂತಹ ಕಡೆಗಳಲ್ಲಿ ಲೇಸರ್ ಹಾಗೂ ಚುಚ್ಚುಮದ್ದಿನ ಚಿಕಿತ್ಸೆಗಳುಂಟು. ಆದರೆ ಅವು ಉಳಿದಿರುವ ದೃಷ್ಟಿಯನ್ನು ಕಾಯಬಲ್ಲವೇ ಹೊರತು, ಅಳಿದ ಕೋಶಗಳನ್ನು ಮರಳಿ ತರಲಾರವು. ಮಧುಮೇಹವುಳ್ಳ ಓದುಗರು ಕಣ್ಣು ನಿಚ್ಚಳವಾಗಿದೆಯೆಂಬ ನೆಪದಿಂದ ಕಾಲಹರಣ ಮಾಡದೆ, ವರ್ಷಕ್ಕೊಮ್ಮೆಯಾದರೂ ಅಕ್ಷಿಪಟಲವನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಉಚಿತ.