ಪಡಸಾಲೆಯ ಕಟ್ಟಿಗೆಗೆ ಅಗಸೆಯ ಎಣ್ಣೆ

ಶರಣಸಿರಸಗಿಯಿಂದ ಕಲಬುರಗಿಯನ್ನು ಹಾದು ಕಮಲಾಪುರದವರೆಗೆ ಹಬ್ಬಿದ ಸೀಮೆಯಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುವುದು ವರ್ಷವರ್ಷದ ಅನುಭವವಾದುದರಿಂದ, ಮನೆಯ ಒಳಗೂ ಅಲ್ಲದ, ಬಯಲೂ ಅಲ್ಲದ ನೆರಳಿನ ಎಡೆಯೊಂದು ಇಲ್ಲಿಯ ಗೃಹಸ್ಥನಿಗೆ ಎಂದಿನಿಂದಲೂ ಅವಶ್ಯವಾಗಿದ್ದಿತು. ಕಲ್ಲಿನ ಪೀಠದ ಮೇಲೆ ಸಾಗವಾನಿಯ ಕಂಬ, ಅದರ ನೆತ್ತಿಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಎಲ್ಲಕ್ಕೂ ಮೇಲೆ ಮೇಲ್ಮುದ್ದೆಯ ಮಣ್ಣು, ಕಾಲಡಿಯಲ್ಲಿ ಶಹಾಬಾದದ ಪರಸಿ: ಹಳೆಯ ಪಡಸಾಲೆಯ ರಚನೆ ಇಷ್ಟೇ. ಕಂಬದ ಬುಡವು ಮಣ್ಣನ್ನು ಮುಟ್ಟಕೂಡದೆಂಬ ವಿವೇಕ ಆ ಪೀಠದಲ್ಲಿದೆ. ಒರಲೆಗೂ ನೆಲದ ತೇವಕ್ಕೂ ಅದೊಂದೇ ಕಲ್ಲು ಅಡ್ಡಿಯಾಗಿ ನಿಲ್ಲುತ್ತದೆ.

ಸಾಗವಾನಿಯ ಚೇಗಿನಲ್ಲಿ ಹುಳುವನ್ನು ದೂರವಿಡುವ ದ್ರವ್ಯಗಳು ಸ್ವಭಾವತಃ ಉಂಟು. ಆದರೆ ಅಂಚಿನ ಬಿಳಿಯ ಭಾಗದಲ್ಲಿ ಆ ಶಕ್ತಿಯಿಲ್ಲ. ಬಿಸಿಲಿಗಾದರೋ ಯಾವ ಮರವೂ ಹೊರತಲ್ಲ. ನಾರನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತುವನ್ನು ಸೂರ್ಯನ ನೇರಳಾತೀತ ಕಿರಣಗಳು ಒಡೆಯುತ್ತವೆ, ಒಡೆದುದನ್ನು ಮಳೆ ತೊಳೆದೊಯ್ಯುತ್ತದೆ, ಉಳಿದ ಮೈ ಬೂದುಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ಬೇಸಗೆಯಲ್ಲಿ ಕುಗ್ಗುವುದು, ಮಳೆಗಾಲದಲ್ಲಿ ಹಿಗ್ಗುವುದು. ಬಿರುಕು ಹುಟ್ಟುವುದು ಈ ಎಳೆದಾಟದಲ್ಲಿಯೇ.

ಇದಕ್ಕೆ ಬೇಕಾದ ಔಷಧಿ ಈ ಜಿಲ್ಲೆಯ ಕರಿಯ ಹೊಲದಲ್ಲಿಯೇ ಹಿಂಗಾರಿ ಬೆಳೆಯಾಗಿ ಬರುತ್ತದೆಂಬುದನ್ನು ನಾವು ಮರೆಯುತ್ತಿದ್ದೇವೆ. ಅಗಸೆಯ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಮರದ ರಂಧ್ರದೊಳಗೇ ಘನವಾಗುತ್ತದೆ. ಹಸಿಯ ಎಣ್ಣೆಗೆ ಇದಕ್ಕೆ ಹಲವು ದಿನಗಳು ಬೇಕು. ಅಂಗಡಿಯಲ್ಲಿ ದೊರೆವ ಕಾಯಿಸಿದ ಎಣ್ಣೆ ಬೇಗ ಒಣಗುತ್ತದೆ. ಮೈಯನ್ನು ಉಸುಕುಕಾಗದದಿಂದ ಉಜ್ಜಿ, ಧೂಳು ತೆಗೆದು, ತೆಳ್ಳಗೆ ಸವರಿ, ಕಾಲು ಗಂಟೆಯ ತರುವಾಯ ಹೀರದೆ ಉಳಿದುದನ್ನು ಒರಸಿಬಿಡತಕ್ಕದ್ದು. ದಪ್ಪಗೆ ಬಳಿದರೆ ಅಂಟುಮೈ ಉಳಿದು ಧೂಳೆಲ್ಲ ಅದಕ್ಕೆ ಹತ್ತುತ್ತದೆ. ಹಲಗೆಯ ಕೊನೆಯ ಕೊಯ್ದ ಮುಖಕ್ಕೆ ಮಾತ್ರ ಎರಡು ಮೂರು ಸಲ ಕುಡಿಸಬೇಕು, ನೀರು ಹೆಚ್ಚಾಗಿ ನುಗ್ಗುವ ಬಾಗಿಲು ಅದೇ. ಒರಸಿದ ಅರಿವೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಕೂಡದು. ಎಣ್ಣೆ ಒಣಗುವಾಗ ಶಾಖ ಹುಟ್ಟಿ ಅರಿವೆ ತಾನಾಗಿಯೇ ಹೊತ್ತಿಕೊಳ್ಳಬಲ್ಲುದು. ಅದನ್ನು ಬಿಡಿಸಿ ಹರವಬೇಕು, ಇಲ್ಲವೇ ನೀರಿನಲ್ಲಿ ನೆನೆಹಾಕಬೇಕು. ಈ ಎಣ್ಣೆಗೆ ಬೂಷ್ಟು ಹಿಡಿಯುವ ದೋಷವೂ ಇದೆ. ಮಂಗಳೂರಿನ ತೇವದಲ್ಲಿ ಇದನ್ನು ನಾನು ಹೊಗಳಲಾರೆ. ಕಲಬುರಗಿಯ ಒಣಹವೆಗೆ ಇದು ಸಲ್ಲುವಂತಹುದು.

ಹೊಳಪಿನ ವಾರ್ನಿಶ್ ಕಣ್ಣಿಗೆ ಚೆಂದ, ನಿಜ. ಆದರೆ ಅದು ಮರದ ಮೇಲೆ ಹೊದಿಸಿದ ಪೊರೆ; ಮರ ಹಿಗ್ಗಿ ಕುಗ್ಗಿದಾಗ ಪೊರೆ ಸೀಳುತ್ತದೆ, ಸೀಳಿನೊಳಗೆ ಹೊಕ್ಕ ನೀರು ಹೊರಬರಲಾರದು, ಕಡೆಗೆ ಎಲ್ಲವನ್ನೂ ಕೆರೆದು ಮೊದಲಿನಿಂದ ತೊಡಗಬೇಕಾಗುತ್ತದೆ. ಎಣ್ಣೆ ಸುಲಿಯುವುದಿಲ್ಲ, ಮಾಸುತ್ತದೆ. ಮಾಸಿದಲ್ಲಿ ಮತ್ತೆ ಸವರಿದರಾಯಿತು.

ಅಂಗಳದಲ್ಲಿಯೂ ಮಾಳಿಗೆಯ ಮೇಲೆಯೂ ಕಟ್ಟಿಗೆಯ ನೆಲಹಾಸನ್ನು ಹಾಸಿಸುವವರಿಗೆ ಇನ್ನೊಂದು ಸಂಗತಿ ತಿಳಿದಿರಲಿ. ಅಗ್ಗದ ಮರವನ್ನು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಲವಣದಿಂದ ಸಂಸ್ಕರಿಸಿ ಬಾಳಿಸುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ. ಅಮೆರಿಕದ ಮನೆಮನೆಯ ಮರದ ಜಗಲಿಗಳು ದಶಕಗಳ ಕಾಲ ನಿಂತದ್ದು ಈ ಭಾರತೀಯನ ಬುದ್ಧಿಯ ಬಲದಿಂದ. ಆರ್ಸೆನಿಕ್ಕಿನ ಭಯದಿಂದ 2003ರ ಕೊನೆಗೆ ಅಲ್ಲಿ ವಾಸದ ಮನೆಗಳಿಗೆ ಅದನ್ನು ಕೈಬಿಡಲಾಯಿತು. ಅಂತಹ ಮರದ ತುಂಡನ್ನು ಒಲೆಗೆ ಹಾಕುವುದು ಸರ್ವಥಾ ಅಪಾಯ.

ಹಾಸುವಾಗ ಹಲಗೆ ಹಲಗೆಯ ನಡುವೆ ಐದಾರು ಮಿಲಿಮೀಟರ್ ಎಡೆ, ಕೆಳಗೆ ಗಾಳಿಯಾಡುವ ತೆರಪು, ನೀರು ಹರಿದುಹೋಗುವ ಇಳುಕಲು ಇವು ಇರಲೇಬೇಕು. ಸುತ್ತಲೂ ಗಾಜು ಮುಚ್ಚಿಸುವ ಈಚಿನ ಷೋಕಿಯ ಬಗ್ಗೆ ನನಗೆ ಆದರವಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂತಹ ಕೋಣೆಯಲ್ಲಿ ಕುಳಿತವರಿಗೆ ಕಾರಣವನ್ನು ಹೇಳಬೇಕಾಗಿಲ್ಲ. ಗಾಳಿಯನ್ನು ಬಿಟ್ಟು ಬಿಸಿಲನ್ನು ತಡೆವ ಮರದ ಜಾಲಂಧ್ರವೇ ಈ ಊರಿಗೆ ಒಪ್ಪುವ ಮರೆ.

ದೀಪಾವಳಿ ಕಳೆದು ಮರ ಒಣಗಿದ ಮೇಲೆ ನಿಮ್ಮ ಪಡಸಾಲೆಯ ಕಟ್ಟಿಗೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿರಿ: ಹನಿ ಮಣಿಯಾಗಿ ನಿಂತರೆ ಈ ವರ್ಷ ಸುಮ್ಮನಿರಬಹುದು, ಒಳಗಿಳಿದು ಕಪ್ಪಾದರೆ ಎಣ್ಣೆ ತರಿಸಿರಿ. ಹಳೆಯ ಮನೆಯನ್ನು ಕೆಡಹುವವರು ತೊಲೆ ಜಂತಿಗಳನ್ನು ಉರುವಲಿನ ಬೆಲೆಗೆ ಮಾರದೆ ಬಡಿಗನಿಗೆ ಒಮ್ಮೆ ತೋರಿಸಿರಿ. ಹೊಸ ನೆಲಹಾಸಿಗೆ ಅಷ್ಟು ಪಕ್ವವಾದ ಚೇಗು ಇಂದಿನ ಅಂಗಡಿಯಲ್ಲಿ ಸುಲಭವಾಗಿ ದೊರೆಯದು.