ಕಾಂಗ್ರೆಸ್ ಕಳೆ: ಹೂ ಬಿಡುವ ಮುನ್ನವೇ ನಿವಾರಣೆ

ಮುಂಗಾರಿನ ಮಳೆ ಬಿದ್ದೊಡನೆ ಆದೋನಿ, ಆಲೂರು, ಕೌತಾಳಂ, ಹೊಳಗುಂದ ಭಾಗಗಳ ಹೊಲದ ಬದುಗಳಲ್ಲಿಯೂ ಶಾಲೆಯ ಬಯಲುಗಳಲ್ಲಿಯೂ ದಟ್ಟವಾಗಿ ಹಬ್ಬುವ ಕಳೆ ಪಾರ್ಥೇನಿಯಂ. ಕನ್ನಡಿಗರು ಇದನ್ನು ಕಾಂಗ್ರೆಸ್ ಕಳೆಯೆಂದರೆ, ತೆಲುಗರು ‘ವಯ್ಯಾರಿಭಾಮ’ ಎನ್ನುತ್ತಾರೆ. ಹೆಸರಿನಲ್ಲಿ ಒಯ್ಯಾರವಿದ್ದರೂ ಗುಣದಲ್ಲಿ ಇದು ವಿಷ.

ಅಮೆರಿಕ ಖಂಡದ ಉಷ್ಣವಲಯ ಇದರ ತವರು. 1950ರ ದಶಕದ ಮಧ್ಯದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿತು. ಎಳೆಯ ಗಿಡದ ಎಲೆಗಳು ನೆಲಕ್ಕೆ ಅಂಟಿದಂತೆ ಸುತ್ತಲೂ ಹರಡಿ, ಗಜ್ಜರಿ ಸೊಪ್ಪಿನಂತೆ ಸೀಳುಸೀಳಾಗಿರುತ್ತವೆ. ಬಳಿಕ ಗೆರೆಗಳುಳ್ಳ ಕಾಂಡ ಮೇಲೆದ್ದು, ಸಣ್ಣ ಬಿಳಿ ಹೂಗಳು ಮೂಡುತ್ತವೆ. ಒಂದೇ ಗಿಡ ಸಾವಿರಾರು ಬೀಜಗಳನ್ನು ಉದುರಿಸಬಲ್ಲದು.

ಇದರ ಸೋಂಕಿನಿಂದ ಚರ್ಮದ ತುರಿಕೆ, ಪರಾಗದಿಂದ ಉಬ್ಬಸ ಉಂಟಾಗುವುದು ಬಹುಜನರಿಗೆ ತಿಳಿದಿದೆ. ಬೆಳೆಗೆ ಒದಗುವ ಕೇಡು ಅಷ್ಟಾಗಿ ತಿಳಿದಿಲ್ಲ. 2000ರಲ್ಲಿ ನೆರೆಯ ಅನಂತಪುರ ಜಿಲ್ಲೆಯ ಶೇಂಗಾ ಬೆಳೆಯನ್ನು ಹಾಳುಗೆಡವಿದ ಕಾಂಡ ಒಣಗುವ ನಂಜುರೋಗದ ವೈರಾಣುವಿಗೆ ಈ ಕಳೆಯೇ ಆಶ್ರಯ. ಕಳೆಯಲ್ಲಿ ರೋಗಲಕ್ಷಣ ತೋರದು. ಆದರೆ ಅದರ ಪರಾಗ ವೈರಾಣುವನ್ನು ಹೊತ್ತು ಶೇಂಗಾ ಎಲೆಯ ಮೇಲೆ ಬೀಳುತ್ತದೆ, ಥ್ರಿಪ್ಸ್ ನುಸಿಗಳು ಎಲೆಯನ್ನು ಕೆರೆದಾಗ ವೈರಾಣು ಒಳಸೇರುತ್ತದೆ. ಆದ್ದರಿಂದ ಬದುವಿನ ಕಳೆಯೂ ಹೊಲದ ಶತ್ರುವೇ.

ನೆಲ ಹಸಿಯಿರುವಾಗ, ಹೂ ಬಿಡುವ ಮುನ್ನ, ಕೈಗವಸು ತೊಟ್ಟು ಬೇರುಸಹಿತ ಕೀಳುವುದೇ ಉತ್ತಮ ಉಪಾಯ. ಕಾಂಡವನ್ನಷ್ಟೇ ಕೊಯ್ದರೆ ಮತ್ತೆ ಚಿಗುರುತ್ತದೆ. ಹೂವಿಲ್ಲದ ಗಿಡಗಳನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಪಾಳು ಜಾಗಗಳಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿ ಬಿಸಿಲಿನ ದಿನ ಸಿಂಪಡಿಸಬಹುದು; ಸಾಗುವಳಿ ಭೂಮಿಗೆ ಇದು ಸಲ್ಲದು.

ಹುಲ್ಲುಹಾಸಿನಲ್ಲಿ ಹುಲ್ಲನ್ನು ಉಳಿಸಿ ಅಗಲ ಎಲೆಯ ಕಳೆಯನ್ನು ಕೊಲ್ಲುವ 2,4-ಡಿ ಔಷಧವುಂಟು. ಆದರೆ ಹತ್ತಿಯೂ ಅಗಲ ಎಲೆಯ ಬೆಳೆಯೇ. ಗಾಳಿಯಲ್ಲಿ ತೇಲಿಬಂದ ಅಲ್ಪ ಹನಿಗೂ ಅದರ ಎಲೆಗಳು ಮುರುಟುತ್ತವೆ. ಹತ್ತಿಯ ಪೇಟೆಯೆನಿಸಿದ ಆದೋನಿಯ ಸುತ್ತ ಇದರ ಬಳಕೆಯಲ್ಲಿ ಎಚ್ಚರ ಅತ್ಯವಶ್ಯ.

ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಜೈಗೋಗ್ರಾಮ ದುಂಬಿ ಮಳೆಗಾಲದಲ್ಲಿ ಈ ಕಳೆಯ ಎಲೆಗಳನ್ನು ತಿನ್ನುತ್ತದೆ. ಬಯಲಿನಲ್ಲಿ ತಗಚೆಯ ಬೀಜ ಎರಚಿದರೆ ಅದು ಪೈಪೋಟಿಯಿಂದ ಬೆಳೆದು ಕಳೆಯನ್ನು ಅಡಗಿಸುತ್ತದೆ. ಆದರೂ ಬೀಜಕ್ಕೆ ಗಾಳಿ, ನೀರು, ಬಂಡಿಯ ಗಾಲಿ ಎಲ್ಲವೂ ವಾಹನ. ಒಬ್ಬನ ಹೊಲ ಶುದ್ಧವಾದರೆ ಸಾಲದು. ಊರೇ ಒಂದಾಗಿ ಕಿತ್ತರೆ ಮಾತ್ರ ಮುಂದಿನ ಮುಂಗಾರು ಹಗುರವಾದೀತು.