ಮ್ಯಾಂಡೊಲಿನ್: ಚೀಟಿಯ ಹೆಸರೋ, ಮರದ ನಾದವೋ?

ಮ್ಯಾಂಡೊಲಿನ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಯು. ಶ್ರೀನಿವಾಸ್ (1969–2014). ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗುವಂತೆ ಅವರು ಜೋಡಿ ತಂತಿಗಳನ್ನು ಬಿಟ್ಟು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ನುಡಿಸಿದರು. ಅದರ ನಾದ ಹೊರಹೊಮ್ಮುವುದು ಹೆಚ್ಚಾಗಿ ಪಿಕಪ್ ಮತ್ತು ಆಂಪ್ಲಿಫೈಯರ್ ಮೂಲಕ. ಇಟಲಿಯ ನೇಪಲ್ಸ್‌ನಲ್ಲಿ 18ನೆಯ ಶತಮಾನದಲ್ಲಿ ರೂಪುಗೊಂಡು, ಮುಂದೆ ಅಮೆರಿಕದಲ್ಲಿ ಹೊಸ ಆಕಾರ ಪಡೆದ ಸಾಂಪ್ರದಾಯಿಕ ಮ್ಯಾಂಡೊಲಿನ್‌ಗೆ ಈ ಆಸರೆ ಇಲ್ಲ. ಅದರಲ್ಲಿ ನಾಲ್ಕು ಜೋಡಿ ತಂತಿಗಳಿರುತ್ತವೆ. ಉಳಿದದ್ದನ್ನೆಲ್ಲ ಮರವೇ ನುಡಿಯಬೇಕು. ಆದ್ದರಿಂದಲೇ ಅದನ್ನು ಕೊಳ್ಳುವವರಿಗೆ ಒಂದು ಸಂದಿಗ್ಧ ಎದುರಾಗುತ್ತದೆ. ಹೆಸರಾಂತ ಕಂಪನಿಯ ವಾದ್ಯಕ್ಕೆ ಹಣ ಸಾಲದು. ಯಾರೂ ಕೇಳಿರದ ಕುಶಲಕರ್ಮಿಯ ವಾದ್ಯ ಕಡಿಮೆ ಬೆಲೆಗೆ ಸಿಗುತ್ತದೆ. ಅದನ್ನು ನಂಬುವುದು ಹೇಗೆ?

ಹೆಸರು ಎಂಬುದು ಎಷ್ಟು ತಡವಾಗಿ ಬರುತ್ತದೆ ಎನ್ನುವುದಕ್ಕೆ ಈ ವಾದ್ಯದ ಇತಿಹಾಸದಲ್ಲೇ ಒಳ್ಳೆಯ ನಿದರ್ಶನವಿದೆ. ವಯೊಲಿನ್‌ನಂತೆ ಹಲಗೆಯನ್ನು ಕೆತ್ತಿ ಉಬ್ಬಿಸಿ ಮ್ಯಾಂಡೊಲಿನ್ ಮಾಡುವ ವಿಧಾನಕ್ಕೆ ಅಮೆರಿಕದ ಕಲಮಜೂ ಪಟ್ಟಣದ ಆರ್ವಿಲ್ ಗಿಬ್ಸನ್ 1898ರಲ್ಲಿ ಪೇಟೆಂಟ್ ಪಡೆದರು. ಅವರ ಹೆಸರಿನ ಕಂಪನಿಯಲ್ಲಿ ದುಡಿಯುತ್ತಿದ್ದ ಲಾಯ್ಡ್ ಲೋರ್, 1922ರಲ್ಲಿ ಬಂದ ಎಫ್-5 ಎಂಬ ಮಾದರಿಯ ಮೇಲ್ವಿಚಾರಣೆ ನೋಡಿಕೊಂಡರು. ಪರೀಕ್ಷಿಸಿದ ವಾದ್ಯಗಳೊಳಗಿನ ಚೀಟಿಗೆ ಸಹಿ ಹಾಕಿ ದಿನಾಂಕ ಬರೆದರು. ಆದರೆ ಅಷ್ಟರಲ್ಲಿ ಮ್ಯಾಂಡೊಲಿನ್ ಹುಚ್ಚು ಇಳಿದು ಬ್ಯಾಂಜೋ ಕಾಲ ಬಂದಿತ್ತು. ಎಫ್-5 ಹೆಚ್ಚು ಮಾರಾಟವಾಗಲಿಲ್ಲ. 1924ರ ಕೊನೆಗೆ ಲೋರ್ ಕಂಪನಿಯನ್ನೂ ಬಿಟ್ಟರು. ಇಪ್ಪತ್ತು ವರ್ಷಗಳ ನಂತರ, 1923ರ ಜುಲೈ 9ರ ಸಹಿಯಿದ್ದ ಒಂದು ವಾದ್ಯ ಮಯಾಮಿಯ ಕ್ಷೌರದಂಗಡಿಯೊಂದರಲ್ಲಿ ಬಿಲ್ ಮನ್ರೋ ಅವರ ಕಣ್ಣಿಗೆ ಬಿತ್ತು. ಬ್ಲೂಗ್ರಾಸ್ ಸಂಗೀತದ ಪಿತಾಮಹರೆನಿಸಿದ ಮನ್ರೋ ಅದನ್ನು ದಶಕಗಳ ಕಾಲ ನುಡಿಸಿದರು. ಇಂದು ಲೋರ್ ಸಹಿಯ ಎಫ್-5 ಲಕ್ಷ ಡಾಲರಿಗೂ ಮಿಕ್ಕಿ ಬೆಲೆ ಬಾಳುತ್ತದೆ. ಹೊಸದಾಗಿದ್ದಾಗ ಗಿರಾಕಿಗೆ ಕಾದು ಕುಳಿತಿದ್ದ ವಾದ್ಯಗಳೇ ಇವು.

ಹಾಗಾದರೆ ಚೀಟಿ ನೋಡದೆ ಅಳೆಯುವುದು ಹೇಗೆ? ಮೊದಲು ಮರ. ಮೇಲುಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು. ಹಿಂಬದಿ ಮತ್ತು ಪಕ್ಕಗಳು ಮೇಪಲ್‌ನವು. ನಾದರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಮೇಲಿನ ಎಳೆಗಳು ಹಲಗೆಯ ದಪ್ಪದಲ್ಲೂ ಮುಂದುವರಿದಿದ್ದರೆ ಅದು ಇಡಿಯ ಮರ; ಪದರಪದರವಾಗಿ ಕಂಡರೆ ಪ್ಲೈವುಡ್. ಬಣ್ಣದ ಹೊಳಪಿಗೂ ಚಿಪ್ಪಿನ ಕುಸುರಿಗೂ ನಾದದೊಡನೆ ಸಂಬಂಧವಿಲ್ಲ.

ಎರಡನೆಯದು ಕಟ್ಟಡ. ಎಂಟು ಉಕ್ಕಿನ ತಂತಿಗಳ ಒಟ್ಟು ಸೆಳೆತ ಸುಮಾರು 70ರಿಂದ 80 ಕಿಲೋ, ಅಂದರೆ ಒಬ್ಬ ಆಳಿನ ತೂಕ. ಹಲಗೆ ತೀರ ದಪ್ಪವಾದರೆ ದನಿ ಹೂತುಹೋಗುತ್ತದೆ, ತೀರ ತೆಳುವಾದರೆ ಕುದುರೆಯ ಕೆಳಗೆ ಕುಸಿಯುತ್ತದೆ. ಕುಶಲಕರ್ಮಿಯ ನಿಜವಾದ ಪರೀಕ್ಷೆ ಇರುವುದು ಈ ಎರಡರ ನಡುವೆ. ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿದರೆ ಹಲಗೆ ತಗ್ಗಾಗಿದೆಯೇ, ಕತ್ತು ಬಾಗಿದೆಯೇ ಎಂಬುದು ತಿಳಿಯುತ್ತದೆ. ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒಟ್ಟಿಗೆ ಒತ್ತಿದಾಗ ನಡುವೆ ಕೂದಲೆಳೆಯಷ್ಟು ಸಂದು ಉಳಿದರೆ ಕತ್ತು ನೆಟ್ಟಗಿದೆ ಎಂದರ್ಥ.

ಮೂರನೆಯದು ಶ್ರುತಿ. ತಂತಿಯನ್ನು ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿದ ಸ್ವರವೂ, ಅದೇ ಜಾಗದಲ್ಲಿ ಬೆರಳು ತಾಗಿಸಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಆಗದಿದ್ದರೆ ಗಾಬರಿ ಬೇಡ. ಮ್ಯಾಂಡೊಲಿನ್‌ನ ಕುದುರೆಯನ್ನು ಸಾಮಾನ್ಯವಾಗಿ ಅಂಟಿಸಿರುವುದಿಲ್ಲ. ತುಸು ಹಿಂದೆ ಮುಂದೆ ಸರಿಸಿದರೆ ಸರಿಹೋಗುತ್ತದೆ. ಆದರೆ ಅದನ್ನು ಸರಿಪಡಿಸಿದ ಮೇಲೂ ನಡುನಡುವೆ ಕೆಲವು ಸ್ವರಗಳು ತಪ್ಪುತ್ತಿದ್ದರೆ ಮೆಟ್ಟಿಲುಗಳನ್ನು ಕೂರಿಸಿದ ಲೆಕ್ಕದಲ್ಲೇ ದೋಷವಿರಬಹುದು. ಅನನುಭವಿಗಳು ಎಡವುವುದು ಇಲ್ಲಿಯೇ. ತಂತಿ ಎತ್ತರವಾಗಿದೆ, ಬಿರಡೆ ಬಿಗಿಯಾಗಿದೆ ಎಂಬ ಸಣ್ಣ ಕೊರತೆಗಳಿಗೆ ಅಂಜಿ ಒಳ್ಳೆಯ ವಾದ್ಯವನ್ನು ಬಿಟ್ಟುಬಿಡುತ್ತಾರೆ. ಕತ್ತು ಕೂಡಿಸಿದ ಕೋನ ತಪ್ಪಿದ ವಾದ್ಯವನ್ನು ಅಂದಕ್ಕೆ ಮರುಳಾಗಿ ಒಯ್ಯುತ್ತಾರೆ. ಮೊದಲನೆಯದನ್ನು ರಿಪೇರಿಯವರು ಒಂದು ಮಧ್ಯಾಹ್ನದಲ್ಲಿ ಸರಿಮಾಡಬಲ್ಲರು, ಎರಡನೆಯದಕ್ಕೆ ವಾದ್ಯವನ್ನೇ ಬಿಚ್ಚಬೇಕಾದೀತು.

ಕೊನೆಗೆ ಕಿವಿ. ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಿನಲ್ಲೂ ಮೆಲ್ಲಗೊಮ್ಮೆ, ಜೋರಾಗೊಮ್ಮೆ ಮೀಟಬೇಕು. ಎಲ್ಲಾದರೂ ಝರ್ರೆನ್ನುತ್ತದೆಯೇ, ಯಾವುದಾದರೂ ಸ್ವರ ಸತ್ತಂತೆ ಕೇಳುತ್ತದೆಯೇ ಎಂದು ಗಮನಿಸಬೇಕು. ನುಡಿಸುವವನಿಗೆ ಕೇಳುವ ದನಿ ಬೇರೆ, ಎದುರಿಗೆ ಕುಳಿತವನಿಗೆ ಕೇಳುವ ದನಿ ಬೇರೆ. ಆದ್ದರಿಂದ ಇನ್ನೊಬ್ಬರ ಕೈಯಲ್ಲಿ ನುಡಿಸಿ ಹತ್ತು ಹೆಜ್ಜೆ ದೂರ ನಿಂತು ಕೇಳುವುದು ಲೇಸು.

ಹೆಸರಿಗೆ ಬೆಲೆಯೇ ಇಲ್ಲವೆಂದಲ್ಲ. ಮರಳಿ ಮಾರುವಾಗ ಹೆಸರಾಂತ ವಾದ್ಯ ಹಾಕಿದ ಹಣದ ದೊಡ್ಡ ಪಾಲನ್ನು ತಂದುಕೊಡುತ್ತದೆ. ಅಪರಿಚಿತನ ವಾದ್ಯ ಎಷ್ಟೇ ಚೆನ್ನಾಗಿದ್ದರೂ ಕೊಳ್ಳುವವರನ್ನು ಹುಡುಕಬೇಕು. ಮಾರುವ ಯೋಚನೆಯಿದ್ದವರು ಇದನ್ನು ಮರೆಯಬಾರದು. ಆದರೆ ನುಡಿಸಲೆಂದು ಕೊಳ್ಳುವವರಿಗೆ ಹೆಸರಿಲ್ಲದ ಕುಶಲಕರ್ಮಿಯಿಂದ ಒಂದು ಅನುಕೂಲವಿದೆ. ಆತ ಸಿಗುತ್ತಾನೆ, ಮಾತಿಗೆ ಒದಗುತ್ತಾನೆ. ಮರವನ್ನು ಎಷ್ಟು ವರ್ಷ ಒಣಗಿಸಿದ್ದು ಎಂದು ಕೇಳಬಹುದು. ಮರ ಗಾಳಿಯ ತೇವಕ್ಕೆ ಹಿಗ್ಗಿ, ಒಣಹವೆಗೆ ಕುಗ್ಗುವ ವಸ್ತು; ಮಂಗಳೂರಿನ ಮಳೆಗಾಲದಲ್ಲಿ ಸರಿಯಿದ್ದ ವಾದ್ಯ ಕಲಬುರಗಿಯ ಬೇಸಿಗೆಯಲ್ಲಿ ಬಿರುಕು ಬಿಡಬಹುದು. ಹಾಗಾದರೆ ನೀವೇ ಸರಿಪಡಿಸಿಕೊಡುತ್ತೀರಾ ಎಂದೂ ಕೇಳಬಹುದು. ತನ್ನ ಕೆಲಸ ಬಲ್ಲವನು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ವಾದ್ಯವನ್ನು ಒಂದು ವಾರ ಮನೆಗೆ ಒಯ್ದು ನುಡಿಸಿ ನೋಡಿ ಎನ್ನಲೂ ಹಿಂಜರಿಯುವುದಿಲ್ಲ.